ಜಾಲದ ಮನೆ ನಂಬರು



2007ರ ಆಗಸ್ಟ್ ತಿಂಗಳ ಕೊನೆಯಲ್ಲಿ ಪುಣೆಯ ಪೊಲೀಸರು ಬೆಂಗಳೂರಿಗೆ ಬಂದು ಇಲ್ಲಿನ ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್‌ನನ್ನು ಬಂಧಿಸಿದರು. ಆಗ ಬಲು ಜನಪ್ರಿಯವಾಗಿದ್ದ, 2014ರಲ್ಲಿ ಬಾಗಿಲು ಮುಚ್ಚಿದ ಆರ್ಕುಟ್ ಎಂಬ ತಾಣದಲ್ಲಿ ಛತ್ರಪತಿ ಶಿವಾಜಿಯನ್ನು ಅವಹೇಳನ ಮಾಡುವ ಬರಹ, ಚಿತ್ರ ಕಾಣಿಸಿಕೊಂಡಿತ್ತು. ಅದನ್ನು ಹಾಕಿದವನು ಈತನೇ ಎಂಬುದು ಆರೋಪ. ಕಣ್ಣಾರೆ ಕಂಡವರು ಯಾರೂ ಇರಲಿಲ್ಲ, ಬೆರಳಚ್ಚೂ ಇರಲಿಲ್ಲ. ಪೊಲೀಸರನ್ನು ಪುಣೆಯಿಂದ ಬೆಂಗಳೂರಿನ ಆ ಮನೆಗೆ ಕರೆತಂದದ್ದು ಒಂದು ಸಂಖ್ಯೆ. ಅದಕ್ಕೆ ಐ.ಪಿ. ವಿಳಾಸ ಎಂದು ಹೆಸರು.

ಆತ 50 ದಿನ ಜೈಲಿನಲ್ಲಿದ್ದ. ಇಂಟರ್‌ನೆಟ್ ಸಂಪರ್ಕ ಒದಗಿಸಿದ ಕಂಪೆನಿ ಪೊಲೀಸರಿಗೆ ಕೊಟ್ಟಿದ್ದ ವಿವರವೇ ತಪ್ಪಾಗಿತ್ತೆಂದು ಆಮೇಲೆ ಗೊತ್ತಾಯಿತು. ಆ ಬರಹ ಜಾಲಕ್ಕೆ ಏರಿದ ಹೊತ್ತಿನಲ್ಲಿ ಆ ಸಂಖ್ಯೆ ಆತನದಾಗಿರಲೇ ಇಲ್ಲ.

ವಿಳಾಸವೆಂದರೆ ಮನೆಗೆ ಅಂಟಿಕೊಂಡಿರುವಂಥದು ಎಂದು ನಂಬಿರುವ ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ. ಬೆಳಗ್ಗೆ ಒಬ್ಬರದು, ಸಂಜೆ ಇನ್ನೊಬ್ಬರದು ಆಗುವ ವಿಳಾಸ ಎಂಥದು? ಅದು ತಿಳಿಯಬೇಕಾದರೆ ಮೊದಲು ಅಂಚೆ ಕಚೇರಿಗೆ ಹೋಗಿ ಬರುವುದು ಒಳ್ಳೆಯದು.

1972ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಪಿನ್ ಕೋಡ್ ಜಾರಿಗೆ ಬಂತು. ಅದನ್ನು ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದಲ್ಲಿದ್ದ ಶ್ರೀರಾಮ್ ಭಿಕಾಜಿ ವೇಲಣಕರ್. ಅವರು ಸಂಸ್ಕೃತ ಕವಿಯೂ ಹೌದು. ಶಿರಸಿಯ ಪಿನ್ 581401. ದೆಹಲಿಯಲ್ಲಿ ಕಾಗದ ವಿಂಗಡಿಸುವ ನೌಕರನಿಗೆ ಶಿರಸಿ ಎಲ್ಲಿದೆ, ಅಲ್ಲಿ ಮಾರಿಕಾಂಬೆಯ ಗುಡಿ ಯಾವ ಬೀದಿಯಲ್ಲಿದೆ ಎಂಬುದು ಗೊತ್ತಿರಬೇಕಿಲ್ಲ. ಮೊದಲ ಅಂಕಿ 5 ಎಂದು ಕಂಡರೆ ಸಾಕು, ಕರ್ನಾಟಕ, ಆಂಧ್ರ, ತೆಲಂಗಾಣಗಳ ಕಡೆಗೆ ಹೊರಡುವ ಚೀಲಕ್ಕೆ ಹಾಕುತ್ತಾನೆ. ಮುಂದಿನವನು 58 ಎಂಬುದನ್ನು ನೋಡಿ ಉತ್ತರ ಕರ್ನಾಟಕದ ಕಡೆಗೆ ತಿರುಗಿಸುತ್ತಾನೆ. ಕೊನೆಯ ಮೂರು ಅಂಕಿಗಳ ಗೊಡವೆ ಊರು ಹತ್ತಿರವಾದಾಗ ಮಾತ್ರ. ಯಾರೊಬ್ಬರಿಗೂ ಇಡೀ ದಾರಿ ಗೊತ್ತಿಲ್ಲ. ಪ್ರತಿಯೊಬ್ಬರಿಗೂ ಮುಂದಿನ ಹೆಜ್ಜೆ ಗೊತ್ತು. ಆದರೂ ಕಾಗದ ತಲುಪುತ್ತದೆ.

ಅಂತರಜಾಲ ನಡೆಯುವುದೂ ಹೀಗೆಯೇ. ನೀವು ಕಳಿಸುವ ಒಂದು ಫೋಟೊ ಇಡಿಯಾಗಿ ಹೋಗುವುದಿಲ್ಲ. ಅದನ್ನು ಸಾಮಾನ್ಯವಾಗಿ 1500 ಬೈಟ್‌ಗಳ ಒಳಗಿನ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನ ಮೇಲೂ ಎಲ್ಲಿಂದ, ಎಲ್ಲಿಗೆ ಎಂಬ ಎರಡು ವಿಳಾಸ ಬರೆದು ಬಿಡಲಾಗುತ್ತದೆ. ಇಂಥ ತುಣುಕಿಗೆ ಪ್ಯಾಕೆಟ್ ಎನ್ನುತ್ತಾರೆ. ದಾರಿಯುದ್ದಕ್ಕೂ ಕುಳಿತಿರುವ ರೂಟರ್ ಎಂಬ ಯಂತ್ರಗಳು ವಿಳಾಸದ ಮುಂಭಾಗವನ್ನು ಓದಿ ಮುಂದಿನ ರೂಟರ್‌ಗೆ ದಾಟಿಸುತ್ತವೆ. ಒಂದೇ ಫೋಟೊದ ಎರಡು ತುಣುಕುಗಳು ಬೇರೆ ಬೇರೆ ದಾರಿ ಹಿಡಿದರೂ ಹಿಡಿದಾವು. ತಲುಪಿದ ಮೇಲೆ ಜೋಡಿಸಿಕೊಳ್ಳುವುದು ಆ ತುದಿಯ ಕಂಪ್ಯೂಟರಿನ ಕೆಲಸ.

ಆ ವಿಳಾಸ ನೋಡಲು 192.168.1.10 ಎಂಬಂತೆ ಇರುತ್ತದೆ. ನಾಲ್ಕು ಸಂಖ್ಯೆಗಳು, ನಡುವೆ ಚುಕ್ಕಿ. ಯಾವ ಸಂಖ್ಯೆಯೂ 255ನ್ನು ದಾಟುವುದಿಲ್ಲ. ಏಕೆ 255? ಹಳೆಯ ಕಾಲದ ದಿನಸಿ ಅಂಗಡಿಯನ್ನು ನೆನಪಿಸಿಕೊಳ್ಳಿ. ಅಂಗಡಿಯವನ ಬಳಿ ಎಂಟೇ ಎಂಟು ತೂಕದ ಕಲ್ಲುಗಳಿವೆ ಎನ್ನೋಣ: 1, 2, 4, 8, 16, 32, 64, 128. ಒಂದೊಂದನ್ನೂ ತಕ್ಕಡಿಗೆ ಇಡಬಹುದು ಅಥವಾ ಬಿಡಬಹುದು. ಇಷ್ಟರಲ್ಲೇ ಆತ ಸೊನ್ನೆಯಿಂದ 255ರವರೆಗಿನ ಯಾವ ತೂಕವನ್ನಾದರೂ ತೂಗಬಲ್ಲ. 192 ಬೇಕೆಂದರೆ 128 ಮತ್ತು 64ರ ಕಲ್ಲು ಇಟ್ಟರಾಯಿತು. 168 ಬೇಕೆಂದರೆ 128, 32, 8. ಎಂಟೂ ಕಲ್ಲು ಇಟ್ಟರೆ 255. ಕಲ್ಲು ಇಟ್ಟರೆ 1, ಬಿಟ್ಟರೆ 0 ಎಂದು ಬರೆದುಕೊಂಡರೆ ಅದೇ ಕಂಪ್ಯೂಟರಿನ ಭಾಷೆ. ಒಂದು ಕಲ್ಲಿನ ಜಾಗಕ್ಕೆ ಒಂದು ಬಿಟ್ ಎನ್ನುತ್ತಾರೆ. ನಾಲ್ಕು ಸಂಖ್ಯೆಗೆ ಎಂಟರಂತೆ 32 ಬಿಟ್. ಚುಕ್ಕಿಗಳು, ದಶಮಾನ ಅಂಕಿಗಳು ಎಲ್ಲ ನಮ್ಮ ಕಣ್ಣಿನ ಅನುಕೂಲಕ್ಕೆ. ಯಂತ್ರಕ್ಕೆ ಕಾಣುವುದು 32 ಸೊನ್ನೆ-ಒಂದುಗಳ ಒಂದು ಸಾಲು.

ಈ ಸಾಲಿನಲ್ಲಿ ಬೀದಿಯ ಹೆಸರು ಎಲ್ಲಿಗೆ ಮುಗಿಯುತ್ತದೆ, ಮನೆ ನಂಬರು ಎಲ್ಲಿಂದ ಶುರು? ಪಿನ್ ಕೋಡಿನಲ್ಲಿ ಆ ಗೆರೆ ಕಾಯಂ ಆಗಿ ಎಳೆದದ್ದು. ಐ.ಪಿ. ವಿಳಾಸದಲ್ಲಿ ಅದು ಸರಿದಾಡುವ ಗೆರೆ. ಆದ್ದರಿಂದಲೇ ವಿಳಾಸದ ಜತೆಗೆ 255.255.255.0 ಎಂಬಂಥ ಇನ್ನೊಂದು ಸಂಖ್ಯೆಯನ್ನೂ ಕಂಪ್ಯೂಟರಿಗೆ ಹೇಳಿಕೊಡಬೇಕು. ಕಚೇರಿಗಳಲ್ಲಿ ಕಂಪ್ಯೂಟರ್ ಜೋಡಿಸುವ ಹುಡುಗರು ಇದನ್ನು ಮಂತ್ರದಂತೆ ಟೈಪು ಮಾಡುವುದನ್ನು ನೀವು ನೋಡಿರಬಹುದು. ಇದಕ್ಕೆ ಸಬ್‌ನೆಟ್ ಮಾಸ್ಕ್ ಎಂದು ಹೆಸರು. 255 ಇರುವ ಕಡೆಯೆಲ್ಲ ಬೀದಿ, 0 ಇರುವ ಕಡೆ ಮನೆ ಎಂದು ಅರ್ಥ. ಹಾಗಾಗಿ 192.168.1.10 ಮತ್ತು 192.168.1.200 ಒಂದೇ ಬೀದಿಯ ಎರಡು ಮನೆಗಳು, ನೇರವಾಗಿ ಮಾತಾಡಿಕೊಳ್ಳಬಹುದು. ಮಾಸ್ಕನ್ನು 255.255.255.128 ಎಂದು ಬದಲಿಸಿ ನೋಡಿ. ಕೊನೆಯ ಸಂಖ್ಯೆಯ 128ರ ಕಲ್ಲು ಈಗ ಬೀದಿಯ ಪಾಲಾಯಿತು. ಸೊನ್ನೆಯಿಂದ 127 ಒಂದು ಬೀದಿ, 128ರಿಂದ 255 ಇನ್ನೊಂದು. ತಂತಿ ಅದೇ, ಕೋಣೆ ಅದೇ, ಆದರೂ 10 ಮತ್ತು 200 ಈಗ ನೆರೆಹೊರೆಯವರಲ್ಲ. ನಡುವೆ ರೂಟರ್ ಒಂದು ಬೇಕೇ ಬೇಕು. ಪಕ್ಕದ ಮೇಜಿನ ಪ್ರಿಂಟರ್ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರೆ ಅನೇಕ ಬಾರಿ ಕಾರಣ ಇಷ್ಟೇ. ಪ್ರತಿ ಬೀದಿಯ ಮೊದಲ ಸಂಖ್ಯೆ ಬೀದಿಯ ಹೆಸರಿಗೂ ಕೊನೆಯದು ಇಡೀ ಬೀದಿಗೆ ಡಂಗುರ ಸಾರುವುದಕ್ಕೂ ಮೀಸಲು. ಮನೆ ಕಟ್ಟಲು ಅವು ಸಿಗುವುದಿಲ್ಲ.

ಬೀದಿಯ ಭಾಗ ಎಷ್ಟು ಬಿಟ್ ಉದ್ದವಿದೆ ಎಂಬುದನ್ನು ಓರೆ ಗೆರೆ ಹಾಕಿ /24, /22 ಎಂದು ಬರೆಯುವುದೂ ಉಂಟು. ಉದ್ದ ಹೆಚ್ಚಿದಷ್ಟೂ ಬೀದಿ ಚಿಕ್ಕದು. ಒಂದೇ ವಿಳಾಸಕ್ಕೆ ಎರಡು ದಾರಿಗಳು ಕಂಡರೆ ರೂಟರ್ ಚಿಕ್ಕ ಬೀದಿಯ ಮಾತನ್ನೇ ನಂಬುತ್ತದೆ, ಏಕೆಂದರೆ ಅದು ಹೆಚ್ಚು ಖಚಿತ. ಈ ನಂಬಿಕೆ ಎಷ್ಟು ಮುಗ್ಧವಾದದ್ದು ಎಂಬುದು 2008ರ ಫೆಬ್ರುವರಿ 24ರಂದು ಗೊತ್ತಾಯಿತು. ಯೂಟ್ಯೂಬನ್ನು ತಡೆಯಬೇಕೆಂದು ಪಾಕಿಸ್ತಾನದ ಸರಕಾರ ಆದೇಶಿಸಿತ್ತು. ಯೂಟ್ಯೂಬ್ ತನ್ನ 1024 ವಿಳಾಸಗಳ ಒಂದು ಬೀದಿಯನ್ನು ಜಗತ್ತಿಗೆ ಸಾರಿಕೊಂಡಿತ್ತು. ಪಾಕಿಸ್ತಾನ್ ಟೆಲಿಕಾಂ ಅದರೊಳಗಿನ 256 ವಿಳಾಸಗಳಿಗೆ ‘ದಾರಿ ಇತ್ತ ಕಡೆ’ ಎಂದು ತನ್ನ ದೇಶದೊಳಗೆ ಸಾರಿತು. ಆ ಡಂಗುರ ಗಡಿ ದಾಟಿ ಹೊರಗೆ ಕೇಳಿಸಿತು. ಚಿಕ್ಕ ಬೀದಿಯೇ ಖಚಿತವಲ್ಲವೆ? ಜಗತ್ತಿನ ಬಹುತೇಕ ರೂಟರ್‌ಗಳು ಯೂಟ್ಯೂಬಿನ ಪ್ಯಾಕೆಟ್‌ಗಳನ್ನು ಪಾಕಿಸ್ತಾನದತ್ತ ತಿರುಗಿಸಿದವು. ಸುಮಾರು ಎರಡು ಗಂಟೆ ಕಾಲ ಯೂಟ್ಯೂಬ್ ಬಹಳಷ್ಟು ದೇಶಗಳಲ್ಲಿ ಸಿಗಲಿಲ್ಲ. ಇಡೀ ಏರ್ಪಾಡು ಪರಸ್ಪರ ಪರಿಚಯವಿದ್ದ ಕೆಲವು ನೂರು ಸಂಶೋಧಕರ ಕಾಲದ್ದು. ಸುಳ್ಳು ಹೇಳುವವರು ಬಂದಾರು ಎಂದು ಆಗ ಯಾರೂ ಎಣಿಸಿರಲಿಲ್ಲ.

ಆ ಕಾಲದ ಕಥೆ ಕುತೂಹಲದ್ದು. ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ 1969ರಲ್ಲಿ ನಾಲ್ಕು ಕಂಪ್ಯೂಟರ್ ಕೇಂದ್ರಗಳನ್ನು ಜೋಡಿಸಿ ಅರ್ಪಾನೆಟ್ ಎಂಬ ಜಾಲ ಶುರುವಾಯಿತು. ಬಳಿಕ ಉಪಗ್ರಹ, ರೇಡಿಯೋ ಮೂಲಕ ಓಡುವ ಬೇರೆ ಬೇರೆ ಜಾಲಗಳೂ ಹುಟ್ಟಿಕೊಂಡವು. ಇವೆಲ್ಲವನ್ನೂ ಹೊಂದಿಸುವ ಬಗೆಯನ್ನು ವಿಂಟನ್ ಸೆರ್ಫ್ ಮತ್ತು ರಾಬರ್ಟ್ ಕಾನ್ 1974ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ವಿಳಾಸ ಎಷ್ಟು ಉದ್ದವಿರಬೇಕು ಎಂಬ ಚರ್ಚೆ ಮಾತ್ರ ಮುಗಿಯಲೇ ಇಲ್ಲ. 32 ಬಿಟ್ ಸಾಕೆಂದರು ಕೆಲವರು, 128 ಬೇಕೆಂದರು ಕೆಲವರು, ಬೇಕಾದಷ್ಟು ಉದ್ದವಾಗುವ ವಿಳಾಸ ಇರಲಿ ಎಂದರು ಇನ್ನು ಕೆಲವರು. 1977ರಲ್ಲಿ ಸೆರ್ಫ್ 32 ಎಂದು ತೀರ್ಮಾನಿಸಿ ಚರ್ಚೆಗೆ ತೆರೆ ಎಳೆದರು. ಅದು ಕೇವಲ ಪ್ರಯೋಗಕ್ಕೆಂದು ಮಾಡಿದ ಆಯ್ಕೆ, ಆದರೆ ಆ ಪ್ರಯೋಗ ಮುಗಿಯಲೇ ಇಲ್ಲ ಎಂದು ಅವರೇ ಮುಂದೆ ಹಲವು ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ. 1981ರ ಸೆಪ್ಟೆಂಬರಿನಲ್ಲಿ ಜಾನ್ ಪೋಸ್ಟೆಲ್ ಸಂಪಾದಿಸಿದ ದಾಖಲೆಯಲ್ಲಿ ಈ ನಿಯಮಗಳು ಗಟ್ಟಿಯಾದವು. 1983ರ ಜನವರಿ 1ರಂದು ಅರ್ಪಾನೆಟ್ ಹಳೆಯ ಪದ್ಧತಿ ಬಿಟ್ಟು ಇದಕ್ಕೆ ಬದಲಾಯಿತು.

32 ಬಿಟ್‌ಗಳಿಂದ ಸಿಗುವ ವಿಳಾಸಗಳ ಒಟ್ಟು ಸಂಖ್ಯೆ 429,49,67,296. ಅಂದರೆ ಸುಮಾರು 429 ಕೋಟಿ. 1981ರಲ್ಲಿ ಜಗತ್ತಿನ ಜನಸಂಖ್ಯೆ ಸುಮಾರು 450 ಕೋಟಿ ಇತ್ತು. ತಲೆಗೊಂದರಂತೆ ಹಂಚಿದರೂ ಅವತ್ತೇ ಸಾಲುತ್ತಿರಲಿಲ್ಲ ಎಂದಾಯಿತು. ಆದರೆ ಒಂದು ವಿಶ್ವವಿದ್ಯಾಲಯಕ್ಕೆ ಬೆರಳೆಣಿಕೆಯಷ್ಟು ಕಂಪ್ಯೂಟರ್ ಇದ್ದ ದಿನಗಳಲ್ಲಿ ತಲೆಗೊಂದು ಎಂಬ ಲೆಕ್ಕ ಯಾರ ತಲೆಗೂ ಬರುವಂತಿರಲಿಲ್ಲ.

ನಿಜವಾಗಿ ಕೊರತೆಯನ್ನು ಹತ್ತಿರ ತಂದದ್ದು ಹಂಚಿದ ರೀತಿ. ಮೊದಲಿಗೆ ವಿಳಾಸಗಳನ್ನು ಮೂರು ಅಳತೆಯ ಪಾತ್ರೆಗಳಲ್ಲಿ ಮಾತ್ರ ಅಳೆದು ಕೊಡಲಾಗುತ್ತಿತ್ತು. ‘ಎ’ ವರ್ಗದ ಪಾತ್ರೆಯಲ್ಲಿ 1,67,77,216 ವಿಳಾಸ, ‘ಬಿ’ಯಲ್ಲಿ 65,536, ‘ಸಿ’ಯಲ್ಲಿ 256. ಮುನ್ನೂರು ಕಂಪ್ಯೂಟರ್ ಇರುವ ಸಂಸ್ಥೆಗೆ ‘ಸಿ’ ಸಾಲದು. ಹಾಗಾಗಿ ‘ಬಿ’ ಕೊಡುವುದು. ಉಳಿದ 65 ಸಾವಿರ ಕೊಳೆಯಲಿ! ಪಾವು ಅಕ್ಕಿ ಕೇಳಿದವನಿಗೆ ಸೇರು, ಕೊಳಗ ಯಾವುದೂ ಇಲ್ಲದ ಅಂಗಡಿಯಿಂದ ಮೂಟೆಯನ್ನೇ ಹೊರಿಸಿ ಕಳಿಸಿದಂತೆ. ಇನ್ನು ಮೊದಲು ಬಂದವರಿಗೆ ಸಿಕ್ಕಿದ್ದು ‘ಎ’ ಪಾತ್ರೆ. 17ರಿಂದ ಶುರುವಾಗುವ ಎಲ್ಲ ವಿಳಾಸ ಆಪಲ್ ಕಂಪೆನಿಗೆ, 18ರಿಂದ ಶುರುವಾಗುವುದೆಲ್ಲ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ, 19ರದು ಫೋರ್ಡ್ ಕಾರು ಕಂಪೆನಿಗೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ತನಗೆ ಬಂದಿದ್ದ 36ನ್ನು ಬೇಡವೆಂದು ಹಿಂದಿರುಗಿಸಿತು. ಅಂಥವರು ವಿರಳ.

ಭಾರತ ಈ ಪಂಕ್ತಿಗೆ ತಡವಾಗಿ ಕುಳಿತಿತು. ಇಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಶುರು ಮಾಡಿದ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐ.ಐ.ಟಿ.ಗಳು ಮೊದಲಾದವು ಸೇರಿಕೊಂಡವು. 144.16 ಎಂದು ಶುರುವಾಗುವ ‘ಬಿ’ ವರ್ಗದ ಒಂದು ಪಾತ್ರೆಯನ್ನು ಹಲವು ಸಂಸ್ಥೆಗಳು ಹಂಚಿಕೊಂಡವು. ಜನಸಾಮಾನ್ಯರಿಗೆ ವಿ.ಎಸ್.ಎನ್.ಎಲ್. ಮೂಲಕ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅಷ್ಟರಲ್ಲಿ ದೊಡ್ಡ ಪಾತ್ರೆಗಳನ್ನು ಧಾರಾಳವಾಗಿ ಹಂಚುವ ಕಾಲ ಮುಗಿದಿತ್ತು. ಅಮೆರಿಕದ ಒಂದೇ ವಿದ್ಯಾಸಂಸ್ಥೆಗೆ 1 ಕೋಟಿ 67 ಲಕ್ಷ ವಿಳಾಸ ಸಿಕ್ಕಿದ್ದರೆ, 140 ಕೋಟಿ ದಾಟಿದ ಜನರಿರುವ ಈ ದೇಶದ ಪಾಲಿಗೆ ಈವರೆಗೆ ಬಂದಿರುವುದು ಕೆಲವೇ ಕೋಟಿ. ಇದರಲ್ಲಿ ಯಾರ ಪಿತೂರಿಯೂ ಇಲ್ಲ. ಹಂಚಿದವರಿಗೆ ಮುಂದಿನ ಮನೆಗಳ ನೆನಪು ಇರಲಿಲ್ಲ, ಅಷ್ಟೇ. ಆದರೆ ಫಲ ಉಂಡವರು, ಉಣದವರು ಯಾರೆಂಬುದು ಅದರಿಂದ ಬದಲಾಗುವುದಿಲ್ಲ.

ಕೊರತೆಗೆ ಎರಡು ಮದ್ದುಗಳನ್ನು ಕಂಡುಹಿಡಿದರು. ಮೊದಲನೆಯದು 1993ರಲ್ಲಿ ಬಂತು: ಮೂರೇ ಪಾತ್ರೆ ಎಂಬ ನಿಯಮ ತೆಗೆದು, ಗೆರೆಯನ್ನು ಎಲ್ಲಿ ಬೇಕಾದರೂ ಎಳೆಯಬಹುದೆಂದು ಮಾಡಿದರು. ಓರೆ ಗೆರೆಯ ಬರವಣಿಗೆ ಅಲ್ಲಿಂದಲೇ ಬಂದದ್ದು. ಎರಡನೆಯದನ್ನು ಅರ್ಥ ಮಾಡಿಕೊಳ್ಳಲು ಟೆಲಿಫೋನಿಗೆ ವರ್ಷಗಟ್ಟಲೆ ಕಾಯಬೇಕಿದ್ದ ದಿನಗಳನ್ನು ಕಂಡವರಿಗೆ ಕಷ್ಟವಿಲ್ಲ. ಬೀದಿಗೆಲ್ಲ ಒಂದೇ ಫೋನು, ಅದೂ ಕಿರಾಣಿ ಅಂಗಡಿಯಲ್ಲಿ. ಬೀದಿಯವರೆಲ್ಲ ತಮ್ಮ ಲಗ್ನಪತ್ರಿಕೆಯಲ್ಲಿ ಅದೇ ನಂಬರು ಹಾಕಿ ಮುಂದೆ ‘ಪಿ.ಪಿ.’ ಎಂದು ಬರೆಯುತ್ತಿದ್ದರು. ಕರೆ ಬಂದಾಗ ಯಾರಿಗೆ ಎಂದು ತಿಳಿದು ಕೂಗಿ ಕರೆಯುವುದು ಅಂಗಡಿಯವನ ಹೊಣೆ. 1994ರಲ್ಲಿ ವಿವರಿಸಲಾದ ‘ನ್ಯಾಟ್’ ಎಂಬ ಉಪಾಯ ಇದೇ. ನಿಮ್ಮ ಮನೆಯ ವೈಫೈ ಪೆಟ್ಟಿಗೆ ಆ ಅಂಗಡಿಯವನು. ಮನೆಯ ಐದಾರು ಫೋನು, ಟಿ.ವಿ., ಲ್ಯಾಪ್‌ಟಾಪ್‌ಗಳಿಗೆ ಒಳಗೊಳಗೇ ಒಂದೊಂದು ನಂಬರು. ಹೊರಗೆ ಎಲ್ಲಕ್ಕೂ ಒಂದೇ. ಯಾವ ಪ್ಯಾಕೆಟ್ ಯಾರು ಕೇಳಿದ್ದು ಎಂಬುದನ್ನು ಪೆಟ್ಟಿಗೆ ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಒಳಗಿನ ಬಳಕೆಗೆಂದೇ 10ರಿಂದ, 192.168ರಿಂದ ಹಾಗೂ 172.16ರಿಂದ 172.31ರವರೆಗೆ ಶುರುವಾಗುವ ವಿಳಾಸಗಳನ್ನು ಮೀಸಲಿಟ್ಟು 1996ರಲ್ಲಿ ನಿಯಮ ಬಂತು. ಇವು ಯಾರ ಸ್ವತ್ತೂ ಅಲ್ಲ. 192.168.1.10 ಎಂಬುದು ಧಾರವಾಡದ ಮನೆಯಲ್ಲೂ ಇದೆ, ಟೋಕಿಯೊದ ಮನೆಯಲ್ಲೂ ಇದೆ.

ಹೊರಗಿನ ಆ ಒಂದು ನಂಬರಾದರೂ ಕಾಯಂ ಆಗಿ ನಿಮ್ಮದೇ? ಬಹುಪಾಲು ಮನೆಗಳ ಮಟ್ಟಿಗೆ ಅಲ್ಲ. ಅದು ಲಾಡ್ಜಿನ ಕೋಣೆಯಂತೆ. ಕಂಪೆನಿ ತನ್ನ ಬಳಿ ಇರುವ ವಿಳಾಸಗಳಲ್ಲಿ ಖಾಲಿ ಇರುವುದೊಂದನ್ನು ನಿಮ್ಮ ಸಂಪರ್ಕಕ್ಕೆ ಇಷ್ಟು ಹೊತ್ತು ಎಂದು ಗೇಣಿಗೆ ಕೊಡುತ್ತದೆ. ನೀವು ಸಂಪರ್ಕ ಕಡಿದು ಹೋದ ಮೇಲೆ ಅದೇ ಕೋಣೆ ಇನ್ನೊಬ್ಬರಿಗೆ. ‘12ನೆಯ ಕೋಣೆಯಲ್ಲಿ ಇದ್ದವರು ಯಾರು?’ ಎಂದು ಲಾಡ್ಜಿನವನನ್ನು ಕೇಳಿದರೆ ಅವನು ಯಾವ ದಿನ, ಎಷ್ಟು ಗಂಟೆಗೆ ಎಂದು ಮರುಪ್ರಶ್ನೆ ಹಾಕಬೇಕು. ಗಂಟೆ ಹನ್ನೊಂದು ಎಂದರೆ ಬೆಳಗಿನದೋ ರಾತ್ರಿಯದೋ? ಪರದೇಶದ ಸರ್ವರ್‌ಗಳು ಸಮಯವನ್ನು ಹಲವು ಬಾರಿ ಗ್ರೀನಿಚ್ ಲೆಕ್ಕದಲ್ಲಿ ಬರೆದಿಡುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದು. ಇಷ್ಟರಲ್ಲಿ ಎಲ್ಲಾದರೂ ಒಂದು ಕಡೆ ಎಡವಿದರೂ ಬೇರೆಯವರ ಮನೆಯ ಬಾಗಿಲು ಬಡಿಯಬೇಕಾಗುತ್ತದೆ. ಬೆಂಗಳೂರಿನ ಎಂಜಿನಿಯರ್ ಜೈಲು ಕಂಡದ್ದು ಇಂಥ ಲೆಡ್ಜರಿನ ಒಂದು ತಪ್ಪು ಸಾಲಿನಿಂದ. ಇನ್ನೂ ಒಂದು ಮಾತಿದೆ. ಲೆಡ್ಜರ್ ಸರಿಯಾಗಿಯೇ ಇದ್ದರೂ ಅದು ಹೇಳುವುದು ಸಂಪರ್ಕ ಯಾರ ಹೆಸರಿನಲ್ಲಿತ್ತು ಎಂಬುದನ್ನು ಮಾತ್ರ. ಕೀಲಿಮಣೆಯ ಮೇಲೆ ಯಾರ ಬೆರಳಿತ್ತು ಎಂಬುದನ್ನು ಅಲ್ಲ.

ಈಗ ಪರಿಸ್ಥಿತಿ ಇನ್ನಷ್ಟು ಗೋಜಲು. ಮೊಬೈಲ್ ಕಂಪೆನಿಗಳು ಪಿ.ಪಿ. ಉಪಾಯವನ್ನು ಬೀದಿಯಿಂದ ಊರಿಗೇ ವಿಸ್ತರಿಸಿವೆ. ಪರಸ್ಪರ ಗುರುತಿಲ್ಲದ ನೂರಾರು ಗ್ರಾಹಕರು ಒಂದೇ ಕ್ಷಣದಲ್ಲಿ ಒಂದೇ ಹೊರ ವಿಳಾಸದ ಹಿಂದೆ ಇರಬಹುದು. ಅಂಥಲ್ಲಿ ವಿಳಾಸ, ಸಮಯ ಎರಡೂ ಸಾಲವು, ಪೋರ್ಟ್ ಎಂಬ ಮೂರನೆಯ ಸಂಖ್ಯೆಯೂ ಬೇಕು.

ವಿಳಾಸದಿಂದ ಊರು ಪತ್ತೆ ಮಾಡುವುದೂ ಅಂದಾಜಿನ ಮಾತೇ. ಪಿನ್ ಕೋಡು ನೆಲಕ್ಕೆ ಅಂಟಿದೆ, ಐ.ಪಿ. ವಿಳಾಸ ಸಂಸ್ಥೆಗೆ ಅಂಟಿದೆ. ಸಂಸ್ಥೆ ಅದನ್ನು ಎಲ್ಲಿ ಬಳಸಿದರೂ ನಡೆಯುತ್ತದೆ. ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಪಾಟ್ವಿನ್ ಎಂಬ ಪುಟ್ಟ ಊರಿನ ಬಳಿ ಒಂದು ತೋಟದ ಮನೆಯಿದೆ. ವಿಳಾಸಗಳಿಗೆ ಊರು ಹೊಂದಿಸಿ ಕೊಡುವ ಮ್ಯಾಕ್ಸ್‌ಮೈಂಡ್ ಎಂಬ ಕಂಪೆನಿ, ಅಮೆರಿಕದ್ದೆಂದು ಗೊತ್ತಿದ್ದು ಊರು ಗೊತ್ತಿಲ್ಲದ ವಿಳಾಸಗಳಿಗೆಲ್ಲ ದೇಶದ ನಡುಮಧ್ಯದ ಒಂದು ಬಿಂದುವನ್ನು ಗುರುತು ಹಾಕಿತ್ತು. ಆ ಬಿಂದು ಬಿದ್ದದ್ದು ಈ ತೋಟದ ಮೇಲೆ. ಕೋಟಿಗಟ್ಟಲೆ ವಿಳಾಸಗಳು ಭೂಪಟದಲ್ಲಿ ಅಲ್ಲಿಗೇ ಬಂದು ಕೂತವು. ವರ್ಷಗಳ ಕಾಲ ಪೊಲೀಸರು, ವಂಚನೆಗೆ ಸಿಕ್ಕಿದವರು, ಕಾಣೆಯಾದವರನ್ನು ಹುಡುಕುವವರು ಆ ಮನೆಯ ಕದ ತಟ್ಟಿದರು. ಕಾರಣ ಏನೆಂದು ಮನೆಯವರಿಗೆ ಗೊತ್ತಾಗಿದ್ದು 2016ರಲ್ಲಿ ಪತ್ರಕರ್ತರು ಹುಡುಕಿ ತೆಗೆದಾಗ. ಕಂಪೆನಿ ಆಮೇಲೆ ಆ ಬಿಂದುವನ್ನು ಒಂದು ಕೆರೆಯ ನಡುವಿಗೆ ಸರಿಸಿತು.

ಮದ್ದುಗಳು ಕಾಲ ದೂಡಿದವು, ರೋಗ ವಾಸಿಯಾಗಲಿಲ್ಲ. 2011ರ ಫೆಬ್ರುವರಿ 3ರಂದು ಜಾಗತಿಕ ಉಗ್ರಾಣದ ಕೊನೆಯ ಐದು ದೊಡ್ಡ ಪಾತ್ರೆಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಒಂದೊಂದರಂತೆ ಹಂಚಿ ಬಾಗಿಲು ಹಾಕಲಾಯಿತು. ಏಷ್ಯಾದ ಪಾಲನ್ನು ನೋಡಿಕೊಳ್ಳುವ, ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿರುವ ಏಪ್‌ನಿಕ್ ಅದೇ ಏಪ್ರಿಲ್ 15ರಂದು ಪಡಿತರ ಪದ್ಧತಿಗೆ ಇಳಿಯಿತು. ಉಚಿತವಾಗಿ ಹಂಚಿದ ಸಂಖ್ಯೆಗಳಿಗೆ ಆಗ ಬೆಲೆ ಬಂತು. ದಿವಾಳಿಯಾದ ನಾರ್ಟೆಲ್ ಕಂಪೆನಿಯ 6,66,624 ವಿಳಾಸಗಳನ್ನು ಮೈಕ್ರೊಸಾಫ್ಟ್ 2011ರಲ್ಲಿ 75 ಲಕ್ಷ ಡಾಲರಿಗೆ ಕೊಂಡಿತು. ಮೆಸಾಚುಸೆಟ್ಸ್ ಸಂಸ್ಥೆ ತನ್ನ 18ರ ಪಾತ್ರೆಯ ಸುಮಾರು ಅರ್ಧವನ್ನು 2017ರಲ್ಲಿ ಅಮೆಜಾನ್‌ಗೆ ಮಾರಿತು. 2024ರ ಫೆಬ್ರುವರಿಯಿಂದ ಅಮೆಜಾನ್ ತನ್ನ ಸರ್ವರ್ ಬಾಡಿಗೆದಾರರಿಂದ ಇಂಥ ಒಂದೊಂದು ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟಿನಂತೆ ವಸೂಲು ಮಾಡಲು ಶುರು ಮಾಡಿತು.

ನಿಜವಾದ ಪರಿಹಾರ 1995ರ ಡಿಸೆಂಬರಿನಲ್ಲೇ ಕಾಗದದ ಮೇಲೆ ಬಂದಿತ್ತು. ಹಳೆಯದು ನಾಲ್ಕನೆಯ ಆವೃತ್ತಿ, ಇದು ಆರನೆಯದು. ಐದು ಎಂಬ ಸಂಖ್ಯೆ ಅಷ್ಟರಲ್ಲಿ ಬೇರೊಂದು ಪ್ರಯೋಗದ ಪಾಲಾಗಿತ್ತು. ಇದರ ವಿಳಾಸ 128 ಬಿಟ್ ಉದ್ದ. ಒಟ್ಟು ವಿಳಾಸ ಎಷ್ಟೆಂದರೆ 34 ಬರೆದು ಮುಂದೆ 37 ಸೊನ್ನೆ ಹಾಕಬೇಕು. ಅಂಕಿಗಳು ಸಾಲದೆ ‘ಎ’ಯಿಂದ ‘ಎಫ್’ವರೆಗಿನ ಆರು ಇಂಗ್ಲಿಷ್ ಅಕ್ಷರಗಳನ್ನೂ ಬಳಸಿ, ಚುಕ್ಕಿಯ ಬದಲು ಅಡ್ಡವಿಸರ್ಗ ಇಟ್ಟು ಬರೆಯುತ್ತಾರೆ. ನೆನಪಿಡುವುದು ಮನುಷ್ಯ ಮಾತ್ರದವರಿಗೆ ಅಸಾಧ್ಯ. ಪಿ.ಪಿ. ನಂಬರಿನ ಗೊಡವೆ ಬೇಡ, ಪ್ರತಿ ಸಾಧನಕ್ಕೂ ಸ್ವಂತ ವಿಳಾಸ. ಹಾಗಿದ್ದೂ ಅದು ಬೇಗ ಹರಡಲಿಲ್ಲ, ಏಕೆಂದರೆ ನಾಲ್ಕರ ಭಾಷೆ ಮಾತ್ರ ಬಲ್ಲ ಯಂತ್ರಕ್ಕೆ ಆರರದು ಅರ್ಥವಾಗುವುದಿಲ್ಲ. ಎಲ್ಲರೂ ಬದಲಾಗುವವರೆಗೆ ಎರಡನ್ನೂ ಸಾಕಬೇಕು. ಹಳೆಯ ವಿಳಾಸ ಧಾರಾಳವಾಗಿ ಇದ್ದವರಿಗೆ ಆ ಖರ್ಚು ಏಕೆ?

ಇಲ್ಲದವರಿಗೆ ಬೇರೆ ದಾರಿ ಇರಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದ ಜಿಯೊ ತನ್ನ ಕೋಟಿಗಟ್ಟಲೆ ಗ್ರಾಹಕರಿಗೆ ಆರನೆಯ ಆವೃತ್ತಿಯ ವಿಳಾಸಗಳನ್ನೇ ಕೊಟ್ಟಿತು. ಉಳಿದ ಮೊಬೈಲ್ ಕಂಪೆನಿಗಳು ಹಿಂಬಾಲಿಸಿದವು. ಇಂದು ಭಾರತದ ಅರ್ಧಕ್ಕಿಂತ ಹೆಚ್ಚು ಇಂಟರ್‌ನೆಟ್ ಬಳಕೆದಾರರಿಗೆ ಹೊಸ ವಿಳಾಸ ಸಿಕ್ಕಿದೆ. ಈ ಲೆಕ್ಕದಲ್ಲಿ ಭಾರತ ಜಗತ್ತಿನ ಮುಂಚೂಣಿ ದೇಶಗಳಲ್ಲಿ ಒಂದು. ಮನೆಗೆ ಹೋದ ಮೇಲೆ ಫೋನಿನ ಸೆಟ್ಟಿಂಗ್ಸ್ ತೆರೆದು ‘ಫೋನ್ ಬಗ್ಗೆ’ ಎಂಬಲ್ಲಿ ನೋಡಿ. ಬಹಳಷ್ಟು ಫೋನುಗಳು ಐ.ಪಿ. ವಿಳಾಸವನ್ನು ಅಲ್ಲಿ ತೋರಿಸುತ್ತವೆ. ಚುಕ್ಕಿಗಳ ಚಿಕ್ಕ ಸಾಲೊಂದು, ಅದರ ಪಕ್ಕದಲ್ಲೋ ಕೆಳಗೋ ಅಡ್ಡವಿಸರ್ಗಗಳ ಉದ್ದ ಸಾಲೊಂದು ಕಂಡರೆ, ಎರಡೂ ನಿಮ್ಮವೇ. ಚಿಕ್ಕದು ಬಹುಶಃ ಒಳಗಿನ ಬಳಕೆಗೆ ಮೀಸಲಾದದ್ದು, ಉದ್ದದ್ದು ಲೋಕಕ್ಕೆಲ್ಲ ಕಾಣುವಂಥದು.